ಟೆಲಿ-ಓಪಿಡಿಯಲ್ಲಿ ಡಾಕ್ಟರ್ ಸಿಕ್ಕರು, ಆದರೆ ಅಪ್ಪನ ಪಕ್ಕದಲ್ಲಿ ಕೂರುವವರು ಯಾರು?

ಬೆಟ್ಟದಮನೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಓದಿ.

ನಮ್ಮಪ್ಪ ಸೇನೆಯ ಸಿಗ್ನಲ್ಸ್‌ನಲ್ಲಿ (ಸಂಪರ್ಕ ವಿಭಾಗ) ಹವಾಲ್ದಾರ್ ಆಗಿ ನಿವೃತ್ತರಾದವರು. ಈಗ 74 ವರ್ಷ. ಶುಗರ್ ಬಂದು ಹದಿನೈದು ವರ್ಷ ಆಯಿತು. ಬಿಪಿ ಇದೆ, ಮಂಡಿನೋವು ಇದೆ. ನಮ್ಮ ಮನೆ ಮಲೆನಾಡಿನ ಒಳಗಡೆ. ಇಸಿಎಚ್‌ಎಸ್ (ನಿವೃತ್ತ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್‌ಗೆ 48 ಕಿಲೋಮೀಟರ್. ಏಳು ಗಂಟೆ ಬಸ್ಸಿಗೆ ಹೊರಟರೆ ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತು.

ಹೋದ ತಿಂಗಳು ಮಳೆ ಜಾಸ್ತಿ ಇತ್ತು. ಅಪ್ಪನ ಎಡಗಾಲಿನ ಬೆರಳುಗಳ ಸಂದಿಯಲ್ಲಿ ಸಣ್ಣ ಹುಣ್ಣು ಕಂಡಿತು. ಅಷ್ಟು ದೂರ ಯಾಕೆ ಹೋಗೋದು ಅಂತ ಸೇಹತ್ ಓಪಿಡಿಯಲ್ಲಿ, ಅಂದರೆ ಸೈನಿಕರು ಮತ್ತು ಅವರ ಮನೆಯವರು ವಿಡಿಯೋದಲ್ಲಿ ಡಾಕ್ಟರ್‌ಗೆ ತೋರಿಸುವ ಸೇವೆಯಲ್ಲಿ, ರಿಜಿಸ್ಟರ್ ಮಾಡಿದೆ. ಮೊಬೈಲ್‌ಗೆ ಓಟಿಪಿ ಬಂತು, ಟೋಕನ್ ಬಂತು, ಇಪ್ಪತ್ತು ನಿಮಿಷ ಕಾದ ಮೇಲೆ ಒಬ್ಬ ಡಾಕ್ಟರ್ ಮೇಡಂ ಬಂದರು. ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತು "ಜೈ ಹಿಂದ್ ಮೇಡಂ" ಅಂದರು. ಮೇಡಂ ತುಂಬಾ ತಾಳ್ಮೆಯಿಂದ ಮಾತಾಡಿದರು. ಬಿಪಿ ಎಷ್ಟಿದೆ ಅಂದರು, ನಮ್ಮ ಮನೆಯಲ್ಲಿ ಮೆಷೀನ್ ಇಲ್ಲ. ಹುಣ್ಣು ತೋರಿಸಿ ಅಂದರು. ಒಂದು ಕೈಯಲ್ಲಿ ಫೋನ್, ಇನ್ನೊಂದು ಕೈಯಲ್ಲಿ ಅಪ್ಪನ ಕಾಲು. ನನ್ನ ಕೈ ನಡುಗುತ್ತಿತ್ತು. ಅವರಿಗೆ ಕಂಡಿದ್ದು ನಮ್ಮ ಕೆಂಪು ನೆಲ ಮಾತ್ರ. "ಪಾದ ಮುಟ್ಟಿದರೆ ಗೊತ್ತಾಗುತ್ತಾ?" ಅಂತ ಕೇಳಿದರು. ಅಪ್ಪ "ಗೊತ್ತಾಗುತ್ತೆ ಮೇಡಂ" ಅಂದುಬಿಟ್ಟರು. ಮುಲಾಮು ಬರೆದು, ಒಂದು ವಾರದೊಳಗೆ ಪಾಲಿಕ್ಲಿನಿಕ್‌ನಲ್ಲಿ ತೋರಿಸಲೇಬೇಕು ಅಂತ ಹೇಳಿದರು.

ನಾಲ್ಕು ದಿನ ಬಿಟ್ಟು ಹೋದೆವು. ಅಲ್ಲಿನ ನರ್ಸಿಂಗ್ ಅಸಿಸ್ಟೆಂಟ್ ಅಪ್ಪನಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಪಾದದ ಅಡಿಗೆ ಹತ್ತಿಯ ಎಳೆಯಿಂದ ಮುಟ್ಟಿದರು. ಒಂದು ಸಲ, ಎರಡು ಸಲ, ಐದು ಸಲ. ಅಪ್ಪ ಸುಮ್ಮನೆ ಕೂತಿದ್ದರು. ಆಮೇಲೆ ಕೇಳಿದರು: "ಯಾವಾಗ ಶುರು ಮಾಡ್ತೀರಮ್ಮ?"

ನನಗೆ ಕಣ್ಣಲ್ಲಿ ನೀರು ಬಂತು. ಆ ಕಾಲಿಗೆ ಸ್ಪರ್ಶವೇ ಇಲ್ಲ, ನಮಗೆ ಯಾರಿಗೂ ಗೊತ್ತಿರಲಿಲ್ಲ.

ವಿಡಿಯೋದಲ್ಲಿ ಬಂದ ಡಾಕ್ಟರ್ ಮೇಲೆ ನನಗೆ ಒಂದಿಷ್ಟೂ ಬೇಸರ ಇಲ್ಲ. ಅವರು ಸರಿಯಾದ ಪ್ರಶ್ನೆಯನ್ನೇ ಕೇಳಿದರು. ಅದಕ್ಕೆ ಸರಿಯಾದ ಉತ್ತರ ಕೊಡುವವರು ಈ ಕಡೆ ಇರಲಿಲ್ಲ. ಸೈನಿಕರ ಟೆಲಿ ಚಿಕಿತ್ಸೆಗೆ ಸಿಬ್ಬಂದಿ ಅಂದರೆ ಡಾಕ್ಟರ್ ಮಾತ್ರ ಅಂತ ಲೆಕ್ಕ ಹಾಕಿದ್ದಾರಾ? ಈ ಕಡೆ ಕೂರುವವರನ್ನು ಯಾರು ಕೊಡಬೇಕು?

ಡ್ರೆಸ್ಸಿಂಗ್‌ರೂಮ್:

ಅಕ್ಕ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನಾನು ಬೇರೆ ಜಿಲ್ಲೆಯ ಒಂದು ಪಾಲಿಕ್ಲಿನಿಕ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್. ಗುತ್ತಿಗೆ ಕೆಲಸ, ಆರು ವರ್ಷ ಆಯಿತು.

ನಮ್ಮ ದಿನ ಹೇಗಿರುತ್ತೆ ಹೇಳ್ತೀನಿ. ಬಾಗಿಲು ತೆಗೆಯುವ ಮೊದಲೇ ಜಗಲಿಯಲ್ಲಿ ಮೂವತ್ತು ಜನ ಇರುತ್ತಾರೆ. ಎಲ್ಲರಿಗೂ ಬಿಪಿ, ತೂಕ, ಶುಗರ್. ಆಮೇಲೆ ಇಂಜೆಕ್ಷನ್, ಡ್ರೆಸ್ಸಿಂಗ್. ನಡುವೆ ಯಾರಿಗೋ ತಲೆಸುತ್ತು. ಇದರ ಮಧ್ಯೆ ಟೆಲಿ ಕಾಲ್ ಬಂದರೆ ನಾನೇ ಹೋಗಬೇಕು. ನಾನು ನೋಡಿದ ಮಟ್ಟಿಗೆ ಟೆಲಿಗೆ ಅಂತ ಹೊಸ ಕೈ ಬಂದಿಲ್ಲ. ಇದ್ದ ಕೈಗೇ ಇನ್ನೊಂದು ಕೆಲಸ ಬಂತು.

ಸ್ಕ್ರೀನ್ ಆನ್ ಮಾಡಿಬಿಟ್ಟರೆ ಆಯಿತು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅಜ್ಜ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಆರು ಸ್ಟ್ರಿಪ್ ಮಾತ್ರೆ ತಂದಿರುತ್ತಾರೆ. ಹೆಸರು ಇರುವ ಕಡೆಯೇ ಹರಿದುಹೋಗಿರುತ್ತೆ. ಅದು ಯಾವ ಮಾತ್ರೆ ಅಂತ ಹುಡುಕಬೇಕು. ಹಳೆಯ ಬುಕ್ ತೆಗೆದು ಹೋದ ಸಲದ ಶುಗರ್ ನೋಡಬೇಕು. ಡಾಕ್ಟರ್ ಹೇಳಿದ್ದನ್ನು ಕಿವಿಯ ಹತ್ತಿರ ಇನ್ನೊಂದು ಸಲ ಹೇಳಬೇಕು. ಕೊನೆಗೆ ಚೀಟಿಯಲ್ಲಿ ಬರೆದು ಕೊಡುತ್ತೇನೆ, ಓದಲು ಬಾರದವರಿಗೆ ಸೂರ್ಯ ಮತ್ತು ಚಂದ್ರನ ಚಿತ್ರ ಬಿಡಿಸಿ ಕೊಡುತ್ತೇನೆ. ಡಾಕ್ಟರ್‌ಗೆ ಐದು ನಿಮಿಷದ ಕಾಲ್ ಆದರೆ ನನಗೆ ಇಪ್ಪತ್ತು ನಿಮಿಷ. ಈ ಇಪ್ಪತ್ತು ನಿಮಿಷ ಯಾವ ರಿಜಿಸ್ಟರ್‌ನಲ್ಲೂ ಬರಲ್ಲ.

ನಿಮ್ಮಪ್ಪನಿಗೆ ಹತ್ತಿಯಿಂದ ಮುಟ್ಟಿ ನೋಡಿದ ಆ ತಂಗಿಗೆ ನನ್ನ ನಮಸ್ಕಾರ ಹೇಳಿ.

ಸುಬೇದಾರ್‌ಸಾಬ್:

ನಾನು ಖಡಕ್ ಆಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೊದಲು ಪಾಲಿಕ್ಲಿನಿಕ್‌ನಲ್ಲಿ ಖಾಲಿ ಇರುವ ಹುದ್ದೆ ತುಂಬಲಿ. ಇಸಿಎಚ್‌ಎಸ್ ಶುರುವಾಗಿದ್ದು 2003ರ ಏಪ್ರಿಲ್‌ನಲ್ಲಿ. ಇಷ್ಟು ವರ್ಷ ಆದರೂ ಸಣ್ಣ ಊರಿನ ಪಾಲಿಕ್ಲಿನಿಕ್‌ಗೆ ಡಾಕ್ಟರ್ ನಿಲ್ಲುವುದಿಲ್ಲ. ಈಗ ವಿಡಿಯೋ ಇದೆ ಅಂದರೆ, "ನಿಮಗೆ ಇನ್ಯಾಕೆ ಡಾಕ್ಟರ್" ಅಂತ ಕೇಳುವ ದಿನ ಬರಬಹುದು. ಕಾಲು ಹೋಗಿ ಕೋಲು ಬಂದ ಹಾಗೆ ಆಗಬಾರದು.

ಎಎಂಸಿ_ನಿವೃತ್ತ:

ಸುಬೇದಾರ್ ಸಾಬ್, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ನಾನು ಆರ್ಮಿ ಮೆಡಿಕಲ್ ಕೋರ್‌ನಲ್ಲಿದ್ದ (ಎಎಂಸಿ) ಡಾಕ್ಟರ್. ನಿವೃತ್ತಿ ಆದ ಮೇಲೆ ಕೋವಿಡ್ ಸಮಯದಲ್ಲಿ ವಿಡಿಯೋ ಓಪಿಡಿಯಲ್ಲಿ ಕೂತಿದ್ದೇನೆ. ಆ ಅನುಭವದಿಂದ ನಾಲ್ಕು ಮಾತು.

ಸೇಹತ್ ಪ್ರಯೋಗವಾಗಿ ಶುರುವಾಗಿದ್ದು 2020ರಲ್ಲಿ. 2021ರ ಮೇ 27ರಂದು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಅದನ್ನು ಪೂರ್ತಿಯಾಗಿ ಚಾಲನೆಗೆ ತಂದರು. ಪ್ರಯೋಗದ ಕಾಲದಲ್ಲೇ 6,500ಕ್ಕೂ ಜಾಸ್ತಿ ಸಲ ಸಲಹೆ ಕೊಟ್ಟಿದ್ದರು. ಕೆಲಸದಲ್ಲಿರುವ ಸೈನಿಕರು, ನಿವೃತ್ತರು, ಅವರ ಮನೆಯವರು, ಎಲ್ಲರಿಗೂ ಇದೆ.

ಅದೇ ಮೇ ತಿಂಗಳು ಎರಡನೇ ಅಲೆ. ಸೇನೆಯ ಡಾಕ್ಟರ್‌ಗಳು ಕೋವಿಡ್ ಆಸ್ಪತ್ರೆಗಳಲ್ಲಿ ಹಗಲು ರಾತ್ರಿ ನಿಂತಿದ್ದರು. ಆಗ ಏನು ಮಾಡಿದರು ನೋಡಿ. 2017ರಿಂದ 2021ರ ನಡುವೆ ಸೇವೆ ಬಿಟ್ಟ 400 ಡಾಕ್ಟರ್‌ಗಳನ್ನು ಹೆಚ್ಚೆಂದರೆ 11 ತಿಂಗಳ ಗುತ್ತಿಗೆಗೆ ವಾಪಸ್ ಕರೆಯಲು ಅನುಮತಿ ಕೊಟ್ಟರು. ಕೆಲವು ವರ್ಷಕ್ಕೆ ಮಾತ್ರ ಸೇರುವ ಶಾರ್ಟ್ ಸರ್ವಿಸ್‌ನ ಡಾಕ್ಟರ್‌ಗಳಿಗೆ ಡಿಸೆಂಬರ್ 31ರವರೆಗೆ ಸೇವೆ ಮುಂದುವರಿಸಿದರು, ಅದರಿಂದ 238 ಜನ ಉಳಿದರು. ನಮ್ಮಂಥ ನಿವೃತ್ತರು ಮನೆಯಿಂದಲೇ ಇ-ಸಂಜೀವನಿಯಲ್ಲಿ (ಸರ್ಕಾರದ ಟೆಲಿ ಚಿಕಿತ್ಸೆ ಸೇವೆ) ಸಾರ್ವಜನಿಕರಿಗೂ ಸಲಹೆ ಕೊಟ್ಟೆವು. ಮನಸ್ಸು ಮಾಡಿದರೆ ಡಾಕ್ಟರ್ ಸಿಗುತ್ತಾರೆ ಅನ್ನುವುದು ಆಗ ಗೊತ್ತಾಯಿತು.

ಆದರೆ ಈ ತಂಗಿ ಕೇಳಿದ ಪ್ರಶ್ನೆಗೆ ಆ ಆದೇಶಗಳಲ್ಲಿ ಉತ್ತರ ಇಲ್ಲ. ಅವು ಡಾಕ್ಟರ್‌ಗಳ ಲೆಕ್ಕ. ನಾನು ವಿಡಿಯೋದಲ್ಲಿ ಕೂತಾಗ ನನ್ನ ದೊಡ್ಡ ಕಷ್ಟ ಇದೇ ಆಗಿತ್ತು. ಹೊಟ್ಟೆನೋವು ಅಂತಾರೆ. ಹೊಟ್ಟೆ ಗಟ್ಟಿಯಾಗಿದೆಯಾ, ಮೆತ್ತಗಿದೆಯಾ? ಮುಟ್ಟಿ ಹೇಳುವವರಿಲ್ಲ. ಆಗ ಡಾಕ್ಟರ್ ಏನು ಮಾಡುತ್ತಾನೆ? ಹೆದರಿ "ಆಸ್ಪತ್ರೆಗೆ ಹೋಗಿ" ಅನ್ನುತ್ತಾನೆ. ಹಾಗಾದರೆ 48 ಕಿಲೋಮೀಟರ್ ಉಳಿಯಲಿಲ್ಲ, ಅಲ್ವಾ?

2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲೇ ಇದಕ್ಕೆ ದಾರಿ ಇದೆ. ನರ್ಸ್, ಎಎನ್‌ಎಂ (ಹಳ್ಳಿಯ ದಾದಿ) ಥರದ ಆರೋಗ್ಯ ಕಾರ್ಯಕರ್ತರು ರೋಗಿಯ ಪರವಾಗಿ ಕಾಲ್ ಶುರು ಮಾಡಬಹುದು, ಪರೀಕ್ಷೆ ಮಾಡಿ ಡಾಕ್ಟರ್‌ಗೆ ಹೇಳಬಹುದು. ನಿಯಮ ಅಡ್ಡ ಬರುತ್ತಿಲ್ಲ. ಆ ಕೆಲಸಕ್ಕೆ ಅಂತ ಜನ ಬೇಕು, ಅಷ್ಟೆ.

ಉಪಕೇಂದ್ರದಿಂದ:

ಸರ್ ಹೇಳಿದ್ದು ನಮ್ಮಲ್ಲಿ ದಿನಾ ನಡೆಯುತ್ತೆ. ನಾನು ಸರ್ಕಾರಿ ಆರೋಗ್ಯ ಉಪಕೇಂದ್ರದಲ್ಲಿ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ). ಇ-ಸಂಜೀವನಿಯಲ್ಲಿ ಎರಡು ದಾರಿ ಇದೆ. ಒಂದು, ಜನ ಮನೆಯಿಂದ ನೇರವಾಗಿ ಡಾಕ್ಟರ್‌ಗೆ ಕಾಲ್ ಮಾಡುವುದು. ಇನ್ನೊಂದು, ನಮ್ಮಂಥವರು ರೋಗಿಯ ಪಕ್ಕ ಕೂತು ಕಾಲ್ ಮಾಡುವುದು. ಹೆಚ್ಚು ನಡೆಯುವುದು ಎರಡನೆಯದೇ. ಯಾಕೆ ಅಂದರೆ ನಾವು ಬಿಪಿ ನೋಡಿ, ಶುಗರ್ ನೋಡಿ, ಎಲ್ಲ ತುಂಬಿಸಿಯೇ ಕಾಲ್ ಹಾಕೋದು. ಡಾಕ್ಟರ್ ಕೇಳುವ ಮೊದಲೇ ಅರ್ಧ ಉತ್ತರ ಅವರ ಮುಂದೆ ಇರುತ್ತೆ.

ಸೇಹತ್ ಹುಟ್ಟಿದ್ದೂ ಇ-ಸಂಜೀವನಿಯ ಮನೆತನದಲ್ಲೇ, ಮೊಹಾಲಿಯ ಸಿ-ಡ್ಯಾಕ್ ಅನ್ನುವ ಸರ್ಕಾರಿ ಕಂಪ್ಯೂಟರ್ ಸಂಸ್ಥೆಯಲ್ಲಿ. ಹಾಗಿದ್ದ ಮೇಲೆ ಆ ಎರಡನೇ ದಾರಿಯೂ ಫೌಜಿಗಳ ಮನೆಯವರಿಗೆ ಸಿಗಬೇಕು ಅಂತ ನನಗನ್ನಿಸುತ್ತೆ. ಪಾಲಿಕ್ಲಿನಿಕ್ ದೂರ ಇದ್ದರೆ ಹತ್ತಿರದ ಉಪಕೇಂದ್ರದಲ್ಲೇ ಕೂತು ಮಾಡಬಹುದು. ನಮ್ಮೂರಲ್ಲಿ ಇಬ್ಬರು ನಿವೃತ್ತ ಸೈನಿಕರಿದ್ದಾರೆ. ಅವರು ಬಂದರೆ ನಾನು ಇಲ್ಲ ಅನ್ನಲ್ಲ.

ಹಿಮದಲ್ಲಿ_ಐದು_ವರ್ಷ:

ಬೆಟ್ಟದಮನೆ ತಂಗಿ, ನಾನೂ ಸಿಗ್ನಲ್ಸ್. ನಿಮ್ಮಪ್ಪನಿಗೆ ನನ್ನ ರಾಮ್ ರಾಮ್ ಹೇಳು.

ಈ ಚರ್ಚೆ ಓದುತ್ತಾ ಒಂದು ರಾತ್ರಿ ನೆನಪಾಯಿತು. ಎತ್ತರದ ಪೋಸ್ಟ್. ಎಲ್ಲಿ ಅಂತ ಬೇಡ. ಡಾಕ್ಟರ್ ಇದ್ದಿದ್ದು ಕೆಳಗೆ, ಬೆಳಕು ಹರಿಯುವವರೆಗೆ ಯಾರೂ ಹತ್ತುವ ಹಾಗಿಲ್ಲ. ನಮ್ಮ ಒಬ್ಬ ಹುಡುಗನಿಗೆ ರಾತ್ರಿ ಕೆಮ್ಮು ಶುರುವಾಯಿತು, ಉಸಿರು ಗುರ್ ಗುರ್ ಅನ್ನುತ್ತಿತ್ತು. ನಾನು ಸೆಟ್ ಹಿಡಿದಿದ್ದೆ. ಆ ಕಡೆಯಿಂದ ಆರ್‌ಎಂಒ ಸಾಬ್ (ನಮ್ಮ ಪಲ್ಟನ್ನಿನ ಡಾಕ್ಟರ್) ಒಂದೊಂದೇ ಕೇಳುತ್ತಿದ್ದರು. ನಾಡಿ ಎಷ್ಟು? ತುಟಿ ನೀಲಿಯಾಗಿದೆಯಾ? ಮಲಗಿದರೆ ಜಾಸ್ತಿ ಆಗುತ್ತಾ? ಗೆರೆ ಎಳೆದು ಅದರ ಮೇಲೆ ನಡೆಸಿ, ತೂರಾಡ್ತಾನಾ ನೋಡಿ.

ಉತ್ತರ ಹೇಳುತ್ತಿದ್ದವನು ನಾನಲ್ಲ. ನಮ್ಮ ಬಿಎಫ್‌ಎನ್‌ಎ, ಬ್ಯಾಟಲ್‌ಫೀಲ್ಡ್ ನರ್ಸಿಂಗ್ ಅಸಿಸ್ಟೆಂಟ್. ಅವನೂ ನಮ್ಮ ಹಾಗೇ ರೈಫಲ್ ಹಿಡಿಯುವ ಜವಾನ, ಆದರೆ ಟ್ರೈನಿಂಗ್ ಕೊಟ್ಟು ತಯಾರು ಮಾಡಿದ್ದರು. ಕೈಗವಸು ಬಿಚ್ಚಿ ನಾಡಿ ಹಿಡಿದ. ಟಾರ್ಚ್ ಬೆಳಕಲ್ಲಿ ಉಗುರು ನೋಡಿದ. ಕಿವಿಯನ್ನು ಬೆನ್ನಿಗೆ ಒತ್ತಿ ಉಸಿರು ಕೇಳಿದ. ಅವನು ಹೇಳಿದ, ನಾನು ಸೆಟ್‌ನಲ್ಲಿ ದಾಟಿಸಿದೆ, ಸಾಬ್ ಅಲ್ಲಿಂದ ಹೇಳಿದ ಹಾಗೆ ಆಕ್ಸಿಜನ್ ಕೊಟ್ಟು, ಒರಗಿಸಿ ಕೂರಿಸಿ, ಬೆಳಗಾಗುತ್ತಲೇ ಕೆಳಗೆ ಇಳಿಸಿದೆವು. ಆ ಹುಡುಗ ಈಗ ಮೊಮ್ಮಕ್ಕಳ ಜೊತೆ ಇದ್ದಾನೆ.

ಆವತ್ತು ವಿಡಿಯೋ ಇರಲಿಲ್ಲ, ಬರೀ ದನಿ. ಆದರೂ ನಡೆಯಿತು. ನಾಡಿ ಹಿಡಿಯುವ ಕೈ ಅಲ್ಲಿತ್ತು. ಈಗ ವಿಡಿಯೋ ಇದೆ, ಕೈ ಇಲ್ಲ. ಫೌಜಿಗೆ ಈ ಪಾಠ ಹೊಸದಲ್ಲ. ಗಡಿಯಲ್ಲಿ ಗೊತ್ತಿದ್ದದ್ದನ್ನು ಊರಿಗೆ ಬಂದ ಮೇಲೆ ಯಾಕೆ ಮರೆಯಬೇಕು?

ಇಸ್ರೋ ಜೊತೆ ಸೇನೆ ಮಾಡಿಕೊಂಡ ಒಪ್ಪಂದದಲ್ಲೂ, ಮೊದಲೇ ಇದ್ದ 20 ಟೆಲಿಮೆಡಿಸಿನ್ ಕೇಂದ್ರಗಳ ಜೊತೆ ಇನ್ನೂ 53 ಅಂತ ಬರೆದಿತ್ತು, ಸಿಯಾಚಿನ್ ಕಡೆಗೂ ಸೇರಿಸಿ. ಒಳ್ಳೆಯದು. ನಮ್ಮ ರಾಜ್ಯದಲ್ಲೂ 2002ರಲ್ಲೇ ಚಾಮರಾಜನಗರದ ಜಿಲ್ಲಾಸ್ಪತ್ರೆ, ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳನ್ನು ಇಸ್ರೋ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ದರು. ಅಲ್ಲೂ ಎದೆಗೆ ಇಸಿಜಿ ಹಚ್ಚುವವರು ಇದ್ದರೆ ತಾನೇ ಬೆಂಗಳೂರಿನ ಡಾಕ್ಟರ್ ಅದನ್ನು ಓದುವುದು?

ಡ್ರೆಸ್ಸಿಂಗ್‌ರೂಮ್:

ಅಣ್ಣಾ, ಇದನ್ನು ನಮ್ಮ ಪಾಲಿಕ್ಲಿನಿಕ್‌ನ ಎಲ್ಲರಿಗೂ ಓದಿ ಹೇಳಿದೆ.

ಟೆಕ್ಸಾಸ್_ಕನ್ನಡಿಗ:

ನಾನು ಅಮೆರಿಕದ ಸ್ಯಾನ್ ಆಂಟೋನಿಯೋದಲ್ಲಿ ನರ್ಸ್. ಇಲ್ಲಿನ ಬ್ರೂಕ್ ಆರ್ಮಿ ಮೆಡಿಕಲ್ ಸೆಂಟರ್‌ನಲ್ಲಿ 2018ರಲ್ಲಿ ಸೇನೆಯ ವರ್ಚುವಲ್ ಮೆಡಿಕಲ್ ಸೆಂಟರ್ ಶುರುವಾಯಿತು. ಆದರೆ ನಿಮ್ಮ ಪ್ರಶ್ನೆಗೆ ಹತ್ತಿರದ ಉದಾಹರಣೆ ನಿವೃತ್ತ ಸೈನಿಕರನ್ನು ನೋಡಿಕೊಳ್ಳುವ ವಿಎ ಇಲಾಖೆಯದು. ಅಲ್ಲಿ ಟೆಲಿಹೆಲ್ತ್ ಕ್ಲಿನಿಕಲ್ ಟೆಕ್ನೀಷಿಯನ್ ಅಂತಲೇ ಒಂದು ಹುದ್ದೆ ಇದೆ. ದೂರದ ಸಣ್ಣ ಕ್ಲಿನಿಕ್‌ನಲ್ಲಿ ರೋಗಿಯ ಪಕ್ಕ ನಿಲ್ಲುವುದೇ ಇವರ ಕೆಲಸ. ಡಿಜಿಟಲ್ ಸ್ಟೆತಸ್ಕೋಪನ್ನು ಎದೆಯ ಸರಿಯಾದ ಜಾಗದಲ್ಲಿ ಇಡುತ್ತಾರೆ, ಕ್ಯಾಮೆರಾವನ್ನು ಗಾಯದ ಹತ್ತಿರ ಹಿಡಿಯುತ್ತಾರೆ. ಶುಗರ್ ಇರುವವರ ಕಣ್ಣಿನ ಹಿಂಭಾಗದ ಫೋಟೋ ತೆಗೆದು ದೂರದ ತಜ್ಞರಿಗೆ ಕಳಿಸುವುದಕ್ಕೂ ತರಬೇತಿ ಪಡೆದವರು ಇರುತ್ತಾರೆ.

ಒಂದು ರಾಜ್ಯದ ಡಾಕ್ಟರ್ ಇನ್ನೊಂದು ರಾಜ್ಯದ ರೋಗಿಯನ್ನು ವಿಡಿಯೋದಲ್ಲಿ ನೋಡಬಹುದು ಅಂತ ವಿಎಗೆ 2018ರಲ್ಲಿ ಬೇರೆ ನಿಯಮವನ್ನೇ ತರಬೇಕಾಯಿತು. ಭಾರತದಲ್ಲಿ ಆ ತೊಡಕು 2020ರ ಮಾರ್ಗಸೂಚಿಯಿಂದಲೇ ಇಲ್ಲ. ಪುಣೆಯ ಡಾಕ್ಟರ್ ಮಲೆನಾಡಿನ ಹವಾಲ್ದಾರರನ್ನು ನೋಡಬಹುದು. ಕಷ್ಟದ ಕೆಲಸ ಮುಗಿದಿದೆ, ಸುಲಭದ್ದು ಬಾಕಿ ಇದೆ ಅಂತ ನನಗೆ ಅನ್ನಿಸುತ್ತದೆ.

ಸುಬೇದಾರ್‌ಸಾಬ್:

ಸುಲಭ ಅಂತ ಹೇಳಬೇಡಮ್ಮ. ಹುದ್ದೆ ಮಂಜೂರಾಗಬೇಕು, ದುಡ್ಡು ಬರಬೇಕು, ಜನ ನಿಲ್ಲಬೇಕು. ಪಾಲಿಕ್ಲಿನಿಕ್‌ನಲ್ಲಿ ಎಲ್ಲವೂ ಗುತ್ತಿಗೆ. ಜಾಹೀರಾತು ನಾನು ಪ್ರತಿ ವರ್ಷ ನೋಡುತ್ತೇನೆ. ಹಲವು ವರ್ಷ ನರ್ಸಿಂಗ್ ಅಸಿಸ್ಟೆಂಟ್‌ಗೆ 28,100 ರೂಪಾಯಿ, ಮೆಡಿಕಲ್ ಆಫೀಸರ್‌ಗೆ 75,000 ಅಂತಲೇ ಇತ್ತು. ಆ ದುಡ್ಡಿಗೆ ಡಾಕ್ಟರ್ ಹಳ್ಳಿ ಕಡೆ ಬಂದು ನಿಲ್ಲುತ್ತಾನಾ? ಖಾಸಗಿ ಆಸ್ಪತ್ರೆ ಕರೆದರೆ ಹೋಗುತ್ತಾನೆ. ಅವನ ತಪ್ಪಲ್ಲ.

ಆದರೆ ಹಿಮದ ಕಥೆ ಹೇಳಿದ ತಮ್ಮನ ಮಾತು ನನ್ನನ್ನು ಯೋಚನೆಗೆ ಹಚ್ಚಿದೆ. ಬಿಎಫ್‌ಎನ್‌ಎ ಟ್ರೈನಿಂಗ್ ಆದವರು, ಎಎಂಸಿಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವರು ಎಷ್ಟೊಂದು ಜನ ನಮ್ಮ ಜಿಲ್ಲೆಗಳಲ್ಲಿ ಪಿಂಚಣಿ ತಗೊಂಡು ಮನೆಯಲ್ಲಿದ್ದಾರೆ. ನಲವತ್ತರ ಆಸುಪಾಸಿನಲ್ಲೇ ಹೊರಗೆ ಬಂದವರು, ಗಟ್ಟಿಮುಟ್ಟಾಗಿದ್ದಾರೆ. ಇವರನ್ನು ವಾರಕ್ಕೆ ಎರಡು ದಿನ ಈ ಕೆಲಸಕ್ಕೆ ಕರೆದರೆ? ಡಾಕ್ಟರ್‌ಗಳನ್ನು 11 ತಿಂಗಳಿಗೆ ವಾಪಸ್ ಕರೆದರಲ್ಲ, ಇವರನ್ನೂ ಕರೆಯಲಿ.

ಎಎಂಸಿ_ನಿವೃತ್ತ:

ಸಾಬ್, ಇದು ಚೆನ್ನಾಗಿದೆ. ಒಂದು ಎಚ್ಚರ ಇರಲಿ. ಗಾಯ, ಜ್ವರ, ಆಘಾತ, ಇವೆಲ್ಲ ಅವರಿಗೆ ಚೆನ್ನಾಗಿ ಬರುತ್ತದೆ. ವಯಸ್ಸಾದವರ ಶುಗರ್, ಮರೆವು, ಹತ್ತು ಮಾತ್ರೆಗಳ ಗೋಜಲು ಬೇರೆ ವಿದ್ಯೆ. ಅದನ್ನು ಕಲಿಸಿ ಕೂರಿಸಬೇಕು. ಹತ್ತಿಯ ಎಳೆಯಿಂದ ಪಾದ ಮುಟ್ಟಿ ನೋಡುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು.

ಇನ್ನೊಂದು ವಿಷಯ. ಎಷ್ಟೋ ಸಣ್ಣ ಪಾಲಿಕ್ಲಿನಿಕ್‌ಗಳಲ್ಲಿ ಸ್ಪೆಷಲಿಸ್ಟ್ ಇರುವುದಿಲ್ಲ. ಟೆಲಿ ಚಿಕಿತ್ಸೆ ನಿಜಕ್ಕೂ ಬೇಕಿರುವುದು ಅಲ್ಲಿ. ಇರುವ ಮೆಡಿಕಲ್ ಆಫೀಸರ್‌ನ್ನು ತೆಗೆಯಲು ಅಲ್ಲ, ಅವನ ಬೆನ್ನಿಗೆ ಫಿಸಿಷಿಯನ್ ಒಬ್ಬರನ್ನು ನಿಲ್ಲಿಸಲು. ಬೆಂಗಳೂರಿನ ಕಮಾಂಡ್ ಹಾಸ್ಪಿಟಲ್‌ನಂಥ ದೊಡ್ಡ ಆಸ್ಪತ್ರೆಯ ಸ್ಪೆಷಲಿಸ್ಟ್ ವಾರಕ್ಕೆ ಎರಡು ಮಧ್ಯಾಹ್ನ ಇಂಥ ಹತ್ತು ಕಡೆಗೆ ಸಿಕ್ಕರೆ ಎಷ್ಟೋ ಪ್ರಯಾಣ ಉಳಿಯುತ್ತದೆ. ಆದರೆ ಆ ಎರಡು ಮಧ್ಯಾಹ್ನ ಅವರ ಡ್ಯೂಟಿ ಪಟ್ಟಿಯಲ್ಲೇ ಬರೆದಿರಬೇಕು. ವಾರ್ಡ್ ರೌಂಡ್ ಮುಗಿಸಿ, ಊಟ ಬಿಟ್ಟು ಮಾಡುವ ಕೆಲಸ ಅಂದರೆ ಆರು ತಿಂಗಳಲ್ಲಿ ನಿಂತುಹೋಗುತ್ತದೆ.

ಅವ್ವನಮಗ:

ಭಾಷೆಯ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಪ್ಪ ತೀರಿಹೋಗಿ ಎಂಟು ವರ್ಷ. ಈಗ ಕಾರ್ಡ್ ಇರುವುದು ಅವ್ವನ ಹೆಸರಲ್ಲಿ. ಅಪ್ಪನಿಗೆ ಹಿಂದಿ ನೀರು ಕುಡಿದ ಹಾಗೆ ಬರುತ್ತಿತ್ತು. ಅವ್ವನಿಗೆ ಕನ್ನಡ ಬಿಟ್ಟು ಒಂದಕ್ಷರ ಬರಲ್ಲ. ವಿಡಿಯೋದಲ್ಲಿ ಹಿಂದಿ ಮಾತಾಡುವ ಡಾಕ್ಟರ್ ಬಂದರೆ ಅವ್ವ ಎಲ್ಲದಕ್ಕೂ "ಹಾಂ ಜೀ" ಅನ್ನುತ್ತಾಳೆ. ಅಪ್ಪನ ಜೊತೆ ಕ್ವಾರ್ಟರ್ಸ್‌ನಲ್ಲಿ ಎರಡು ವರ್ಷ ಇದ್ದಾಗ ಕಲಿತ ಮಾತು ಅದೊಂದೇ. ಎದೆ ಉರಿಯುತ್ತಾ, ಹಾಂ ಜೀ. ಎದೆ ಉರಿಯಲ್ವಾ, ಹಾಂ ಜೀ. ನಾನು ಪಕ್ಕದಲ್ಲಿದ್ದರೆ ಕೆಲವು ವಿಷಯ ಹೇಳಲು ಅವಳಿಗೆ ನಾಚಿಕೆ. ಕನ್ನಡ ಬರುವ ಒಬ್ಬ ಹೆಣ್ಣುಮಗಳು ಅವಳ ಹತ್ತಿರ ಕೂತರೆ ಸಾಕು.

ಡ್ರೆಸ್ಸಿಂಗ್‌ರೂಮ್:

ಅಣ್ಣಾ, ಇದು ನಿಜ. ನಮ್ಮಲ್ಲಿ ಬರುವವರಲ್ಲಿ ಗಂಡನನ್ನು ಕಳೆದುಕೊಂಡ ಅಮ್ಮಂದಿರು ತುಂಬಾ ಜನ. ಮೂತ್ರದ ತೊಂದರೆಯನ್ನು ವರ್ಷಗಟ್ಟಲೆ ಹೇಳದೆ ಇದ್ದವರಿದ್ದಾರೆ. ಬಾಗಿಲು ಮುಂದೆ ಮಾಡಿ, ಕೈ ಹಿಡಿದು ಕೂತ ಮೇಲೆ ಹೇಳುತ್ತಾರೆ.

ದನಿಯ_ಕೆಲಸ:

ಅವ್ವನಮಗ ಅವರಿಗೆ: ಮನಸ್ಸಿನ ವಿಷಯಕ್ಕೆ ಕನ್ನಡದಲ್ಲಿ ಮಾತಾಡಲು ಟೆಲಿ ಮಾನಸ್ ಇದೆ, 14416. 2022ರ ಅಕ್ಟೋಬರ್ 10ರಂದು ಶುರುವಾಯಿತು. ನಮ್ಮ ನಿಮ್ಹಾನ್ಸ್ ಇದಕ್ಕೆ ತಲೆಯಾಗಿ ನಿಂತಿದೆ. ಸೈನಿಕರಿಗೆ ಅಂತಲೇ ಪುಣೆಯ ಎಎಫ್‌ಎಂಸಿಯಲ್ಲಿ (ಸೇನಾಪಡೆಗಳ ವೈದ್ಯಕೀಯ ಕಾಲೇಜು) ಟೆಲಿ ಮಾನಸ್‌ನ ಬೇರೆ ಘಟಕವೂ 2023ರ ಡಿಸೆಂಬರ್ 1ರಂದು ಶುರುವಾಯಿತು. ಫೌಜಿಯ ಬದುಕು ಗೊತ್ತಿರುವವರು ಆ ಕಡೆ ಇರಬೇಕು ಅನ್ನುವ ಯೋಚನೆಯಿಂದಲೇ ಅದನ್ನು ಮಾಡಿದ್ದು. ಆಪ್ತಸಮಾಲೋಚಕಿಯಾಗಿ ನನ್ನ ಅನುಭವ ಹೇಳುತ್ತೇನೆ. ಮನಸ್ಸಿನ ಕಾಲ್‌ನಲ್ಲಿ ಪಕ್ಕದಲ್ಲಿ ಯಾರೂ ಇಲ್ಲದಿರುವುದೇ ಎಷ್ಟೋ ಸಲ ಒಳ್ಳೆಯದು. ದೇಹದ ಕಾಲ್‌ನಲ್ಲಿ ಯಾರಾದರೂ ಇರಲೇಬೇಕು. ಎರಡಕ್ಕೂ ಒಂದೇ ಅಳತೆಯಲ್ಲಿ ಸಿಬ್ಬಂದಿ ಕೊಟ್ಟರೆ ಆಗಲ್ಲ.

ಬೆಟ್ಟದಮನೆ:

ಎಲ್ಲರಿಗೂ ಅಪ್ಡೇಟ್ ಕೊಡೋಣ ಅಂತ ಬಂದೆ.

ಉಪಕೇಂದ್ರದ ಅಕ್ಕ ಹೇಳಿದ್ದನ್ನು ಓದಿ, ನಮ್ಮೂರಿನ ಉಪಕೇಂದ್ರಕ್ಕೆ ಹೋಗಿ ಕೇಳಿದೆ. ಮನೆಯಿಂದ ಎರಡು ಕಿಲೋಮೀಟರ್. ಅಲ್ಲಿನ ಸಿಎಚ್‌ಒ ಒಪ್ಪಿದರು. ಹೋದ ಗುರುವಾರ ಅಪ್ಪನನ್ನು ಅಲ್ಲಿಗೇ ಕರೆದುಕೊಂಡು ಹೋಗಿ, ನನ್ನ ಫೋನ್‌ನಲ್ಲಿ ಸೇಹತ್ ಕಾಲ್ ಹಾಕಿದೆವು. ಈ ಸಲ ಬೇರೆ ಡಾಕ್ಟರ್, ಗಂಡಸರು. ಸಿಎಚ್‌ಒ ಮೊದಲೇ ಬಿಪಿ ನೋಡಿ ಬರೆದಿಟ್ಟಿದ್ದರು, 158ಕ್ಕೆ 92. ಕಾಲನ್ನು ಸ್ಟೂಲ್ ಮೇಲೆ ಇಟ್ಟು, ಕಿಟಕಿಯ ಬೆಳಕಿಗೆ ತಿರುಗಿಸಿ, ಬೆರಳುಗಳ ನಡುವೆ ಗಾಜ್ ಇಟ್ಟು ಬಿಡಿಸಿ ತೋರಿಸಿದರು. ಡಾಕ್ಟರ್ "ಇನ್ನು ಸ್ವಲ್ಪ ಎಡಕ್ಕೆ" ಅಂದರು, ಎಡಕ್ಕೆ ಹೋಯಿತು. "ಸುತ್ತ ಒತ್ತಿ, ಬಿಸಿ ಇದೆಯಾ?" ಅಂದರು. "ಇಲ್ಲ ಸರ್, ಕೀವೂ ಇಲ್ಲ" ಅಂದರು ಸಿಎಚ್‌ಒ. ಅಷ್ಟೇ ಬೇಕಿತ್ತು. ಹುಣ್ಣು ಒಣಗುತ್ತಿದೆ. ಬಿಪಿ ಮಾತ್ರೆ ಬದಲಾಯಿತು.

ಮಾತ್ರೆ ತರಲು ಪಾಲಿಕ್ಲಿನಿಕ್‌ಗೆ ಹೋಗಲೇಬೇಕಾಯಿತು. ಹೊಸ ಮಾತ್ರೆ ಸ್ಟಾಕ್ ಇಲ್ಲ ಅಂತ ಚೀಟಿ ಬರೆಸಿಕೊಂಡು ಹೊರಗಿನ ಅಂಗಡಿಯಿಂದ ತರಿಸಿದ್ದಾಯಿತು. ಅದಕ್ಕೆ ಬೇರೆಯೇ ಪೋಸ್ಟ್ ಹಾಕುತ್ತೇನೆ. ಆದರೆ ಈ ಸಲ ನಾನೊಬ್ಬಳೇ ಹೋಗಿದ್ದೆ, ಅಪ್ಪ ಮನೆಯಲ್ಲಿದ್ದರು.

ಅಪ್ಪ ಈಗ ರಾತ್ರಿ ಮಲಗುವ ಮೊದಲು ನೆಲದ ಮೇಲೆ ಕನ್ನಡಿ ಇಟ್ಟು ಎರಡೂ ಪಾದದ ಅಡಿ ನೋಡಿಕೊಳ್ಳುತ್ತಾರೆ. ನೋಡಿ ಮುಗಿದ ಮೇಲೆ ನನ್ನನ್ನು ಕೂಗಿ "ಸಬ್ ಠೀಕ್" ಅಂತ ವರದಿ ಕೊಡುತ್ತಾರೆ.

ಸುಬೇದಾರ್ ಸಾಬ್, ನೀವು ಹೇಳಿದ ವಾರಕ್ಕೆ ಎರಡು ದಿನದ ಮಾತನ್ನು, ಡಾಕ್ಟರ್ ಸರ್ ಹೇಳಿದ ಡ್ಯೂಟಿ ಪಟ್ಟಿಯ ಮಾತನ್ನು, ಅವ್ವನಮಗ ಹೇಳಿದ ಭಾಷೆಯ ಮಾತನ್ನು ಸೇರಿಸಿ ಒಂದು ಪತ್ರ ಬರೆದಿದ್ದೇನೆ. ಎರಡು ಪುಟ. ಇಸಿಎಚ್‌ಎಸ್ ಪ್ರಾದೇಶಿಕ ಕೇಂದ್ರಕ್ಕೂ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೂ ಕೊಡಬೇಕು. ಸಾಬ್, ನೀವು ಒಂದು ಸಲ ತಿದ್ದಿ ಕೊಡ್ತೀರಾ?

ಸುಬೇದಾರ್‌ಸಾಬ್:

ಕಳಿಸಮ್ಮ. ನಮ್ಮ ತಾಲೂಕಿನ ಸಂಘದಿಂದ ಸಹಿ ಮಾಡಿಸುತ್ತೇನೆ. ಎಎಂಸಿಯ ಹಳೆಯ ಹುಡುಗರು ನಾಲ್ಕು ಜನ ಇದ್ದಾರೆ, ಅವರ ಹೆಸರು, ಯಾವ ಯಾವ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದರು ಅನ್ನೋದನ್ನೂ ಜೊತೆಗೆ ಸೇರಿಸೋಣ. ಭಾನುವಾರ ಮೀಟಿಂಗ್ ಇದೆ, ಅಷ್ಟರೊಳಗೆ ಕೊಡು.